ಜರ್ಮನ್ ಕ್ರಿಯಾಪದ ಹತ್ತಲಿಕ್ಕೆ ಕನ್ನಡದ ಏಣಿ ಸಾಕು ಮಾರಾಯ್ರೆ

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಮಳೆ, ಕರೆಂಟು, ಸೋಮಾರಿತನ... ನೆಪಗಳಿಗೇನೂ ಬರ ಇಲ್ಲ. ಆದರೆ ಮೊನ್ನೆ ಭಾನುವಾರ ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ನಡೆದ ಒಂದು ಸಂಗತಿ ತಲೆಯಿಂದ ಇಳಿಯುತ್ತಿಲ್ಲ. ಬರೆದೇ ಇಳಿಸಿಕೊಳ್ಳಬೇಕು. ಸ್ವಲ್ಪ ಉದ್ದ ಆದೀತು, ನಡುವೆ ವ್ಯಾಕರಣವೂ ಬಂದೀತು. ಸಹಿಸಿಕೊಳ್ಳಿ :-)

ನನ್ನ ಅಕ್ಕನ ಮಗಳು ಕಾರ್ಕಳದ ಕಡೆಯವಳು. ಎಸ್ಸೆಸ್ಸೆಲ್ಸಿವರೆಗೆ ಊರಿನ ಸರಕಾರಿ ಕನ್ನಡ ಶಾಲೆ. ಮನೆಯಲ್ಲಿ ತುಳು. ಆಮೇಲೆ ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿನ ನೀರಿಗೆ ಬಿದ್ದು, ಮುಳುಗಿ ಎದ್ದು, ನರ್ಸಿಂಗ್ ಮುಗಿಸಿ, ಈಗ ಉಡುಪಿಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಹೆಚ್ಚಾಗಿ ನೈಟ್ ಡ್ಯೂಟಿ. ಜರ್ಮನಿಗೆ ಹೋಗಬೇಕೆಂದು ಅವಳ ಆಸೆ. ಆಸೆಗಿಂತ ಹೆಚ್ಚಾಗಿ ಅದು ಮನೆಯ ಲೆಕ್ಕ. ಭಾವನಿಗೆ ಈಗ ಮೊದಲಿನ ಹಾಗೆ ದುಡಿಯಲಿಕ್ಕೆ ಆಗುವುದಿಲ್ಲ, ತಮ್ಮ ಇನ್ನೂ ಓದುತ್ತಿದ್ದಾನೆ. ಅದಕ್ಕಾಗಿ ಸಾಲ ಮಾಡಿ ಜರ್ಮನ್ ಕ್ಲಾಸಿಗೆ ಸೇರಿದ್ದಳು.

ಆ ದಿನ ಡ್ಯೂಟಿ ಮುಗಿಸಿ ನೇರ ನಮ್ಮಲ್ಲಿಗೆ ಬಂದವಳು ನೋಟ್‌ಬುಕ್ಕನ್ನು ಚಾವಡಿಯ ದಂಡೆಯ ಮೇಲೆ ಇಟ್ಟು ಹೇಳಿದಳು: "ಮಾಮಾ, ನಾನು ಕ್ಲಾಸ್ ಬಿಡ್ತೇನೆ. ಕೊಟ್ಟ ದುಡ್ಡು ಹೋದರೆ ಹೋಗಲಿ. ಇದು ಕನ್ನಡ ಮೀಡಿಯಂನವರಿಗೆ ಆಗುವಂಥದ್ದಲ್ಲ."

ಎಂತ ಆಯಿತು ಅಂತ ಕೇಳಿದೆ. ಕ್ಲಾಸಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಕ್ರಿಯಾಪದದ ರೂಪ ಬದಲಾಗುವ ಪಾಠ ಬಂದಾಗ ಇವಳಿಗೆ ಒಂದೂ ತಲೆಗೆ ಹೋಗಲಿಲ್ಲ. ಎರಡು ಸಲ ಸಂಶಯ ಕೇಳಿದಳಂತೆ. ಮೂರನೇ ಸಲ ಕೇಳಿದಾಗ "ಮೊದಲು ನಿನ್ನ ಇಂಗ್ಲಿಷ್ ಸರಿ ಮಾಡಿಕೋ, ಆಮೇಲೆ ಜರ್ಮನಿಗೆ ಬಾ" ಅಂದರಂತೆ. ಎಲ್ಲರೂ ನಕ್ಕರಂತೆ. ಯಾವ ಕ್ಲಾಸು, ಯಾರು ಹೇಳಿದ್ದು ಎಂದು ಇಲ್ಲಿ ಬರೆಯುವುದಿಲ್ಲ. ನನ್ನ ಜಗಳ ಒಬ್ಬರ ಮೇಲೆ ಅಲ್ಲ, ಆ ಮಾತಿನ ಮೇಲೆ. ಯಾಕೆಂದರೆ ಆ ಮಾತು ಒರಟು ಮಾತ್ರ ಅಲ್ಲ, ತಪ್ಪು ಕೂಡ. ಜರ್ಮನ್ ಕ್ರಿಯಾಪದದ ಮಟ್ಟಿಗೆ ಅದು ಸಂಪೂರ್ಣ ತಪ್ಪು.

ನನಗೆ ಜರ್ಮನ್ ಎಲ್ಲಿಂದ ಬಂತು ಅಂತ ಹೊಸಬರು ಕೇಳಬಹುದು. ನಾನು ಮೇಷ್ಟ್ರಲ್ಲ. ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವನು. ಅಲ್ಲಿದ್ದದ್ದು ಜರ್ಮನಿಯ ಹೈಡೆಲ್‌ಬರ್ಗ್ ಯಂತ್ರಗಳು. ಮ್ಯಾನುವಲ್ ಓದುವ ಹುಚ್ಚು ಹಿಡಿದು ಸಂಜೆ ಹೊತ್ತು ಜರ್ಮನ್ ಕಲಿಯಲು ಹೋದೆ. ದೊಡ್ಡ ಪಂಡಿತನೇನೂ ಆಗಲಿಲ್ಲ. ಆದರೆ ಕ್ರಿಯಾಪದ ಗಟ್ಟಿ ಮಾಡಿಕೊಂಡೆ, ಮತ್ತು ಅದನ್ನು ಗಟ್ಟಿ ಮಾಡಿಕೊಂಡದ್ದು ಹೈಸ್ಕೂಲಿನ ಕನ್ನಡ ಪಂಡಿತರ ಪುಣ್ಯದಿಂದ.

ಅವಳ ನೋಟ್‌ಬುಕ್ ತೆರೆದು ನೋಡಿದೆ. ‘ಲೆರ್ನೆನ್’ ಅಂದರೆ ಕಲಿಯುವುದು. ಅವಳು ಬರೆದದ್ದು ಹೀಗಿತ್ತು: ‘ದು ಲೆರ್ನೆನ್’, ‘ಏರ್ ಲೆರ್ನೆನ್’, ಮತ್ತೆ ‘ಇಶ್ ಬಿನ್ ಲೆರ್ನೆನ್’. ಮೂರಕ್ಕೂ ಕೆಂಪು ಗೀಟು. ನೋಡಿದ ಕೂಡಲೇ ಗೊತ್ತಾಯಿತು, ಈ ಮೂರೂ ತಪ್ಪು ಇವಳದಲ್ಲ, ಇಂಗ್ಲಿಷಿನದ್ದು!

ಹೇಗೆ ಅಂತೀರಾ? ಇಂಗ್ಲಿಷಿನಲ್ಲಿ ಐ ಲರ್ನ್, ಯು ಲರ್ನ್, ವೀ ಲರ್ನ್, ದೇ ಲರ್ನ್. ಒಂದೇ ಪದ ಎಲ್ಲರಿಗೂ. ಹೀ, ಶೀ, ಇಟ್ ಬಂದಾಗ ಮಾತ್ರ ಕೊನೆಗೊಂದು ‘ಸ್’ ಅಂಟುತ್ತದೆ. ಹಾಗಾಗಿ ಇಂಗ್ಲಿಷಿನ ಮೂಲಕ ಜರ್ಮನ್ ನೋಡುವವನಿಗೆ ‘ಕರ್ತೃ ಬದಲಾದ ಹಾಗೆ ಕ್ರಿಯಾಪದದ ಬಾಲ ಬದಲಾಗುತ್ತದೆ’ ಎನ್ನುವುದು ಹೊಸ ವಿಷಯ, ಉರು ಹೊಡೆಯಬೇಕಾದ ಕಷ್ಟ. ಇನ್ನು ‘ಇಶ್ ಬಿನ್ ಲೆರ್ನೆನ್’ ಎನ್ನುವುದಂತೂ ‘ಐ ಆಮ್ ಲರ್ನಿಂಗ್’ ಎಂಬುದರ ಪಡಿಯಚ್ಚು. ಜರ್ಮನ್ನಿನಲ್ಲಿ ಅಂಥ ರೂಪವೇ ಇಲ್ಲ.

ಆದರೆ ನಮಗೆ? ನಾವು ಎರಡು ವರ್ಷದ ಮಗುವಾಗಿದ್ದಾಗಿನಿಂದ ಬಾಲ ಬದಲಾಯಿಸುತ್ತಲೇ ಮಾತಾಡುವವರು!

"ಹೇಳು ನೋಡುವ, ನಾನು ಕಲಿ..." ಅಂದೆ.

"ಕಲೀತೇನೆ."

"ನೀನು?"

"ಕಲೀತೀಯ. ಅವನು ಕಲೀತಾನೆ, ಅವಳು ಕಲೀತಾಳೆ, ಅದು ಕಲೀತದೆ, ನಾವು ಕಲೀತೇವೆ, ನೀವು ಕಲೀತೀರಿ, ಅವರು ಕಲೀತಾರೆ. ಇದೆಂತ ಮಾಮ, ಅಂಗನವಾಡಿಯಾ?"

"ಇದನ್ನು ಯಾವಾಗ ಉರು ಹೊಡೆದೆ?"

ಅವಳು ಸುಮ್ಮನೆ ನನ್ನ ಮುಖ ನೋಡಿದಳು.

ಎಂಟು ಬಾಲ! ಕನ್ನಡದ ಮಗು ಎಂಟು ಬಾಲಗಳನ್ನು ಹಾಲು ಕುಡಿದಷ್ಟು ಸಲೀಸಾಗಿ ಜೋಡಿಸುತ್ತದೆ. ಜರ್ಮನ್ನಿನಲ್ಲಿ ವರ್ತಮಾನ ಕಾಲಕ್ಕೆ ಇರುವುದು ನಾಲ್ಕೇ ಬಾಲ. ‘ಎ’, ‘ಸ್ಟ್’, ‘ಟ್’, ‘ಎನ್’. ಎಂಟು ಗೊತ್ತಿದ್ದವಳು ನಾಲ್ಕಕ್ಕೆ ಹೆದರಿ ಕ್ಲಾಸ್ ಬಿಡುವುದಾ?

ಶಾಲೆಯಲ್ಲಿ ಓದಿದ್ದು ನೆನಪುಂಟಲ್ಲ? ಕ್ರಿಯಾಪದ ಅಂದರೆ ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ. ಮಾಡು + ಉತ್ತ + ಆನೆ = ಮಾಡುತ್ತಾನೆ. ಜರ್ಮನ್ ನಿಯಮಿತ ಕ್ರಿಯಾಪದದ ವರ್ತಮಾನ ಕಾಲ ಇದಕ್ಕಿಂತ ಸುಲಭ, ಯಾಕೆಂದರೆ ಅಲ್ಲಿ ನಡುವಿನ ಕಾಲಸೂಚಕವೇ ಇಲ್ಲ. ನಿಘಂಟಿನಲ್ಲಿ ಕ್ರಿಯಾಪದ ‘ಎನ್’ ಬಾಲದ ಜೊತೆ ಇರುತ್ತದೆ: ಲೆರ್ನೆನ್. ಆ ‘ಎನ್’ ತೆಗೆದರೆ ಉಳಿಯುವ ‘ಲೆರ್ನ್’ ಧಾತು. ಅದಕ್ಕೆ ಆಖ್ಯಾತ ಪ್ರತ್ಯಯ ಅಂಟಿಸಿದರೆ ಆಯಿತು.

ನಾನು ಕಲಿಯುತ್ತೇನೆ: ಇಶ್ ಲೆರ್ನೆ
ನೀನು ಕಲಿಯುತ್ತೀಯ: ದು ಲೆರ್ನ್‌ಸ್ಟ್
ಅವನು ಕಲಿಯುತ್ತಾನೆ: ಏರ್ ಲೆರ್ನ್‌ಟ್
ಅವಳು ಕಲಿಯುತ್ತಾಳೆ: ಜೀ ಲೆರ್ನ್‌ಟ್
ಅದು ಕಲಿಯುತ್ತದೆ: ಎಸ್ ಲೆರ್ನ್‌ಟ್
ನಾವು ಕಲಿಯುತ್ತೇವೆ: ವೀರ್ ಲೆರ್ನೆನ್
ನೀವೆಲ್ಲ (ಸಲಿಗೆಯಲ್ಲಿ) ಕಲಿಯುತ್ತೀರಿ: ಈರ್ ಲೆರ್ನ್‌ಟ್
ಅವರು ಕಲಿಯುತ್ತಾರೆ: ಜೀ ಲೆರ್ನೆನ್
ನೀವು (ಗೌರವದಲ್ಲಿ) ಕಲಿಯುತ್ತೀರಿ: ಜೀ ಲೆರ್ನೆನ್

(ಉಚ್ಚಾರ ಕನ್ನಡದಲ್ಲಿ ಪೂರ್ತಿ ಹಿಡಿಯುವುದಿಲ್ಲ ಬಿಡಿ. ‘ಇಶ್’ನಲ್ಲಿರುವುದು ಶ ಕೂಡ ಅಲ್ಲ, ಹ ಕೂಡ ಅಲ್ಲ, ನಡುವಿನದ್ದು. ‘ಜೀ’ಯ ಜ ‘ಜೀಬ್ರಾ’ದ ಜ, ‘ಜೀರಿಗೆ’ಯ ಜ ಅಲ್ಲ.)

ಇದೇ ಅಚ್ಚಿನಲ್ಲಿ ಫ್ರಾಗೆನ್ (ಕೇಳು), ಜಾಗೆನ್ (ಹೇಳು), ವೋನೆನ್ (ವಾಸಿಸು), ಕೊಖೆನ್ (ಅಡಿಗೆ ಮಾಡು), ಮಖೆನ್ (ಮಾಡು), ಬ್ರೌಖೆನ್ (ಬೇಕಾಗು) ಎಲ್ಲ ಹೊಯ್ದು ತೆಗೆಯಬಹುದು. ನರ್ಸ್‌ಗಳಿಗೆ ಬೇಕಾದ ದೊಡ್ಡ ಕ್ರಿಯಾಪದ ಪ್ಫ್ಲೇಗೆನ್, ಅಂದರೆ ಆರೈಕೆ ಮಾಡು. ಅದೂ ಶಿಸ್ತಿನದ್ದೇ.

ಈ ಪಟ್ಟಿಯಲ್ಲಿ ನಮ್ಮೂರಿನವರಿಗೆ ಒಂದು ತಮಾಷೆ ಉಂಟು, ಕಂಡಿತಾ? ‘ಈರ್’! ತುಳುವಿನಲ್ಲಿ ‘ಈ’ ಅಂದರೆ ನೀನು, ‘ಈರ್’ ಅಂದರೆ ಗೌರವದ ನೀವು. ಈ ಪೋಪ, ಈರ್ ಪೋಪರ್. ಜರ್ಮನ್ನಿನ ‘ಈರ್’ ಕೂಡ ನೀವು ಎಂದೇ. (ಬರೆಯುವಾಗ ಕೊನೆಗೆ ಪೂರ್ತಿ ರಕಾರ, ಬಾಯಲ್ಲಿ ಅದು ಅರ್ಧ ನುಂಗಿಹೋಗುತ್ತದೆ.) ಸಂಬಂಧ ಏನೂ ಇಲ್ಲ, ಶುದ್ಧ ಕಾಕತಾಳೀಯ. ತುಳು ದ್ರಾವಿಡ ಭಾಷೆ, ಜರ್ಮನ್ ಇಂಡೋ-ಯುರೋಪಿಯನ್. ಆದರೆ ನೆನಪಿಟ್ಟುಕೊಳ್ಳಲಿಕ್ಕೆ ಕಾಕತಾಳೀಯವೂ ಸಾಕಲ್ಲ?

ಆದರೆ ಜಾಗ್ರತೆ, ಇಲ್ಲಿಯೇ ಒಂದು ಹೊಂಡವೂ ಉಂಟು. ಈಗಿನ ಜರ್ಮನ್ನಿನ ‘ಈರ್’ ಗೆಳೆಯರ ಗುಂಪಿಗೆ, ಮಕ್ಕಳಿಗೆ, ಮನೆಯವರಿಗೆ ಹೇಳುವ ‘ನೀವೆಲ್ಲ’. ಗೌರವ ಅದರಲ್ಲಿಲ್ಲ. ನನ್ನ ಸೊಸೆ ಮಾಡಿದ್ದೂ ಅದೇ ತಪ್ಪು. ಕ್ಲಾಸಿನಲ್ಲಿ ದೊಡ್ಡವರೊಬ್ಬರಿಗೆ ‘ಈರ್’ ಅಂತ ಹೇಳಿದ್ದಳು. ಅವಳ ಲೆಕ್ಕದಲ್ಲಿ ಅದು ತುಳುವಿನ ಮರ್ಯಾದೆ! ಅದಕ್ಕೂ ನಗೆ. ಯಾರಾದರೂ ಒಬ್ಬರು "ನಮ್ಮ ಈರ್ ಬೇರೆ, ಅವರ ಈರ್ ಬೇರೆ" ಅಂತ ಒಂದು ವಾಕ್ಯ ಹೇಳಿದ್ದರೆ ಜನ್ಮದಲ್ಲಿ ಮರೆಯುತ್ತಿರಲಿಲ್ಲ. ಹೇಳಬೇಕಾದರೆ ಅವರಿಗೆ ತುಳು ಗೊತ್ತಿರಬೇಕು, ಅಥವಾ ಅವಳು ಯಾಕೆ ಹಾಗೆ ಹೇಳಿದಳು ಅಂತ ಕೇಳುವ ತಾಳ್ಮೆಯಾದರೂ ಇರಬೇಕು.

ಗೌರವದ ನೀವು ‘ಜೀ’. ಅದಕ್ಕೆ ‘ಅವರು’ ಎಂಬುದರ ಕ್ರಿಯಾರೂಪವೇ ಬರುತ್ತದೆ. ಎದುರಿಗಿರುವ ಒಬ್ಬರಿಗೆ ‘ಅವರು’ ರೂಪವಾ ಅಂತ ಇಂಗ್ಲಿಷಿನವರಿಗೆ ತಲೆ ಕೆಡುತ್ತದೆ. ನಮಗೆ ಕೆಡಬೇಕಾಗಿಲ್ಲ. ಎದುರಿಗೇ ಕೂತ ಡಾಕ್ಟರರನ್ನು ನಾವು "ಡಾಕ್ಟ್ರು ಕಾಫಿ ಕುಡೀತಾರಾ?" ಅಂತ ಕೇಳುವುದಿಲ್ಲವಾ? ಅಷ್ಟೇ. ‘ಟ್ರಿಂಕೆನ್ ಜೀ ಕಫೇ?’ ಅಂದರೆ ಅದೇ. ರೋಗಿಯ ಹತ್ತಿರ ‘ಬ್ರೌಖೆನ್ ಜೀ ಹಿಲ್ಫೆ?’ (ಸಹಾಯ ಬೇಕಾ?) ಅಂತ ಕೇಳುವಾಗಲೂ ಅದೇ. ಆಸ್ಪತ್ರೆಯಲ್ಲಿ ವಯಸ್ಸಾದ ರೋಗಿಗೆ ‘ದು’ ಅಂದರೆ ನಮ್ಮಲ್ಲಿ ಅಜ್ಜನಿಗೆ ‘ನೀನು’ ಅಂದ ಹಾಗೆ. ಈ ಸೂಕ್ಷ್ಮ ಇಂಗ್ಲಿಷಿನ ಒಂದೇ ‘ಯು’ವಿನಲ್ಲಿ ಕರಗಿ ಹೋಗಿದೆ. ಕನ್ನಡದವರಿಗೆ, ತುಳುವಿನವರಿಗೆ ಅದು ರಕ್ತದಲ್ಲೇ ಉಂಟು.

ಇನ್ನು ‘ವಿನಾಯಿತಿ’ಗಳು. ಅವಳ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಇಂಗ್ಲಿಷ್ ವಿವರಣೆ. ನಾನು ಹೇಳಿದ್ದು ಎರಡೇ ಪದ: ಆಗಮ, ಲೋಪ.

ಆರ್ಬೈಟೆನ್ ಅಂದರೆ ಕೆಲಸ ಮಾಡು. ಧಾತು ‘ಆರ್ಬೈಟ್’. ಇದಕ್ಕೆ ‘ಸ್ಟ್’ ಹಚ್ಚಿದರೆ ‘ಆರ್ಬೈಟ್‌ಸ್ಟ್’, ‘ಟ್’ ಹಚ್ಚಿದರೆ ‘ಆರ್ಬೈಟ್‌ಟ್’. ನಾಲಿಗೆ ಹೊರಳುವುದಿಲ್ಲ. ಅದಕ್ಕೆ ನಡುವೆ ಒಂದು ‘ಎ’ ಬಂದು ಕೂರುತ್ತದೆ: ದು ಆರ್ಬೈಟೆಸ್ಟ್, ಏರ್ ಆರ್ಬೈಟೆಟ್. ಧಾತು ಟ ಅಥವಾ ದ ಸದ್ದಿನಲ್ಲಿ ಮುಗಿದರೆ ಹೀಗೆ. ವಾರ್ಟೆನ್ (ಕಾಯು) ಕೂಡ ಹಾಗೆಯೇ: ಏರ್ ವಾರ್ಟೆಟ್. ಇದು ನಮ್ಮ ಆಗಮ ಸಂಧಿ ಅಲ್ಲದೆ ಮತ್ತೆಂತ? ಮನೆ + ಅನ್ನು ಸೇರುವಾಗ ಉಚ್ಚಾರಕ್ಕಾಗಿ ನಡುವೆ ಯಕಾರ ಬರುತ್ತದಲ್ಲ, ಮನೆಯನ್ನು. ಅಷ್ಟು ದೂರ ಯಾಕೆ, ಕಲಿ + ಉತ್ತಾನೆ = ಕಲಿಯುತ್ತಾನೆ. ನಮ್ಮ ಉದಾಹರಣೆಯ ಪದದಲ್ಲಿಯೇ ಯಕಾರಾಗಮ ಕೂತಿದೆ! ನಮಗೆ ಯಕಾರಾಗಮ, ಅವರಿಗೆ ಎಕಾರಾಗಮ.

ಇದೇ ಗುಂಪಿಗೆ ಸೇರಿದ ಇನ್ನೊಂದು ಪದ ಆಟ್ಮೆನ್. ಉಸಿರಾಡು ಎಂದರ್ಥ. ಧಾತು ‘ಆಟ್ಮ್’, ಆದ್ದರಿಂದ ಏರ್ ಆಟ್ಮೆಟ್, ಅವನು ಉಸಿರಾಡುತ್ತಾನೆ. ಈ ಪದ ಕೇಳಿ ನಿಮಗೇನಾದರೂ ಹೊಳೆಯಿತಾ? ನಮ್ಮ ‘ಆತ್ಮ’! ಇದು ಈರ್ ಹಾಗೆ ಕಾಕತಾಳೀಯ ಅಲ್ಲ. ಸಂಸ್ಕೃತದ ಆತ್ಮನ್, ಜರ್ಮನ್ನಿನ ಆಟೆಮ್ (ಉಸಿರು) ಎರಡೂ ಒಂದೇ ಮೂಲದ್ದು ಎಂದು ಭಾಷಾವಿದ್ವಾಂಸರು ಹೇಳುತ್ತಾರೆ. ಐಸಿಯುನಲ್ಲಿ ಕೆಲಸ ಮಾಡುವ ಹುಡುಗಿಗೆ ಈ ಪದ ಒಮ್ಮೆ ಹೇಳಿದರೆ ಸಾಕಾಯಿತು.

ಎರಡನೆಯದ್ದು ಲೋಪ. ಹೈಸೆನ್ ಅಂದರೆ ‘ಇಂಥ ಹೆಸರಿರು’. ‘ವೀ ಹೈಸ್ಟ್ ದು?’ ನಿನ್ನ ಹೆಸರೇನು? ಧಾತು ‘ಹೈಸ್’, ಪ್ರತ್ಯಯ ‘ಸ್ಟ್’. ಎರಡು ಸಕಾರ ಒಟ್ಟಿಗೆ ಬಂತಲ್ಲ, ಒಂದು ಬಿದ್ದುಹೋಗುತ್ತದೆ: ಹೈಸ್ಟ್. ಟಂಟ್ಸೆನ್ (ಕುಣಿ) ಕೂಡ ಹಾಗೇ. ಊರು + ಅಲ್ಲಿ = ಊರಲ್ಲಿ ಆಗುವಾಗ ನಮ್ಮಲ್ಲಿ ಸ್ವರ ಬೀಳುತ್ತದೆ, ಅವರಲ್ಲಿ ವ್ಯಂಜನ ಬೀಳುತ್ತದೆ, ವ್ಯತ್ಯಾಸ ಅಷ್ಟೇ. ಇಂಗ್ಲಿಷ್ ಪುಸ್ತಕದ ಒಂದು ಪುಟ ಎಂಟನೇ ಕ್ಲಾಸಿನ ಸಂಧಿ ಪ್ರಕರಣದ ಎರಡು ಸಾಲಲ್ಲಿ ಮುಗಿಯಿತು.

ಆಮೇಲೆ ಅವಳ ಮೂರನೇ ಕೆಂಪು ಗೀಟು, ‘ಇಶ್ ಬಿನ್ ಲೆರ್ನೆನ್’. ಜರ್ಮನ್ನಿನಲ್ಲಿ ‘ಇಶ್ ಲೆರ್ನೆ’ ಅಂದರೆ ಕಲಿಯುತ್ತೇನೆ ಕೂಡ ಹೌದು, ಈಗ ಕಲಿಯುತ್ತಾ ಇದ್ದೇನೆ ಕೂಡ ಹೌದು. ಅಷ್ಟು ಮಾತ್ರ ಅಲ್ಲ, ನಾಳೆಯ ಮಾತೂ ಅದರಲ್ಲೇ ಆಗುತ್ತದೆ. ‘ಇಶ್ ಕೊಮೆ ಮೊರ್ಗೆನ್’ ಅಂದರೆ ನಾಳೆ ಬರ್ತೇನೆ. ನಾವೂ ನಾಳೆಯ ವಿಷಯಕ್ಕೆ ಬರ್ತೇನೆ ಅಂತಲೇ ಹೇಳುವುದಲ್ಲವಾ? ‘ನಾಳೆ ಬರುವೆನು’ ಅಂತ ಹೇಳುವವರು ಯಕ್ಷಗಾನದ ರಂಗಸ್ಥಳದಲ್ಲಿ ಮಾತ್ರ ಸಿಗುತ್ತಾರೆ :-) ಪ್ರಶ್ನೆ ಕೇಳಲಿಕ್ಕೂ ಇಂಗ್ಲಿಷಿನ ‘ಡೂ’ ಎಂಬ ಊರುಗೋಲು ಬೇಡ. ‘ಲೆರ್ನ್‌ಸ್ಟ್ ದು?’ ಕಲೀತೀಯಾ? ಮುಗಿಯಿತು.

ಕನ್ನಡದವರು ಎಡವುವ ಜಾಗವೂ ಒಂದುಂಟು, ಅದನ್ನು ಮುಚ್ಚಿಡಬಾರದು. ನಾವು ಸರ್ವನಾಮ ಬಿಟ್ಟು ಮಾತಾಡುತ್ತೇವೆ. "ಬರ್ತೇನೆ" ಅಂದರೆ ಸಾಕು, ‘ನಾನು’ ಬೇಕಾಗಿಲ್ಲ. ಜರ್ಮನ್ನಿನಲ್ಲಿ ಹಾಗೆ ಬಿಡಬಾರದು. ಯಾಕೆ? ಪಟ್ಟಿಯನ್ನು ಇನ್ನೊಮ್ಮೆ ನೋಡಿ. ‘ಲೆರ್ನೆನ್’ ನಾವು ಆಗಬಹುದು, ಅವರು ಆಗಬಹುದು, ಗೌರವದ ನೀವೂ ಆಗಬಹುದು. ‘ಲೆರ್ನ್‌ಟ್’ ಅವನೂ ಹೌದು, ಅವಳೂ ಹೌದು, ನೀವೆಲ್ಲರೂ ಹೌದು. ನಮ್ಮ ಎಂಟು ಬಾಲ ಎಂಟು ಜನರನ್ನು ತೋರಿಸುತ್ತವೆ, ಅವರ ನಾಲ್ಕು ಬಾಲಕ್ಕೆ ಆ ಶಕ್ತಿ ಇಲ್ಲ. ಆದ್ದರಿಂದ ಸರ್ವನಾಮ ಕಡ್ಡಾಯ. ಕನ್ನಡದ ಜೊತೆ ಇಟ್ಟು ನೋಡಿದರೆ ನಿಯಮ ಮಾತ್ರ ಅಲ್ಲ, ನಿಯಮದ ಕಾರಣವೂ ಕಾಣುತ್ತದೆ. ಕಾರಣ ಕಂಡದ್ದನ್ನು ಉರು ಹೊಡೆಯಬೇಕಾಗಿಲ್ಲ.

ಭೂತಕಾಲಕ್ಕೆ ಬಂದಾಗ ಅವಳೇ ಕಂಡುಹಿಡಿದಳು. ‘ಇಶ್ ಲೆರ್ನ್‌ಟೆ’ ಅಂತ ನಾನು ಬರೆದೆ. ಅವಳು ಪಕ್ಕದಲ್ಲಿ ‘ನಾನು ಕಲಿತೆ’ ಅಂತ ಬರೆದಳು. "ಮಾಮಾ, ಇಲ್ಲಿಯೂ ತೆ, ಅಲ್ಲಿಯೂ ಟೆ!" ಮತ್ತೆ ಕಾಕತಾಳೀಯವೇ. ಆದರೆ ಕಟ್ಟಿದ ಕ್ರಮ ಮಾತ್ರ ಒಂದೇ. ದು ಲೆರ್ನ್‌ಟೆಸ್ಟ್: ಧಾತು ಲೆರ್ನ್, ಕಾಲಸೂಚಕ ಟೆ, ಆಖ್ಯಾತ ಸ್ಟ್. ಧಾತು, ಕಾಲ, ಆಖ್ಯಾತ. ನಮ್ಮ ಪಂಡಿತರು ಕಪ್ಪು ಹಲಗೆಯಲ್ಲಿ ಬರೆದ ಅದೇ ಸಾಲು. ಒಂದೇ ಒಂದು ಎಚ್ಚರ: ಭೂತಕಾಲದಲ್ಲಿ ‘ಏರ್’ಗೆ ‘ಟ್’ ಬಾಲ ಇಲ್ಲ. ಇಶ್ ಲೆರ್ನ್‌ಟೆ, ಏರ್ ಲೆರ್ನ್‌ಟೆ, ಎರಡೂ ಒಂದೇ.

ಈಗ ನನ್ನ ಅಭಿಪ್ರಾಯ. ಇಷ್ಟು ಹೊತ್ತು ಪೀಠಿಕೆ ಅಂತ ತಿಳಿಯಿರಿ.

ಉಡುಪಿ, ಮಣಿಪಾಲದಲ್ಲಿ ಜರ್ಮನ್ ಕಲಿಯುವುದು ಹೊಸತಲ್ಲ. ಮಣಿಪಾಲದ ಇಂಜಿನಿಯರಿಂಗ್ ಹುಡುಗರು ಮೊದಲಿನಿಂದ ಕಲಿಯುತ್ತಿದ್ದರು. ಅವರು ಹೆಚ್ಚಿನವರು ಇಂಗ್ಲಿಷ್ ಮೀಡಿಯಂ, ದೇಶದ ಎಲ್ಲ ಕಡೆಯಿಂದ ಬಂದವರು. ಈಗ ಕಲಿಯಲು ಬರುವವರು ಬದಲಾಗಿದ್ದಾರೆ. 2024ರ ಅಕ್ಟೋಬರಿನಲ್ಲಿ ಜರ್ಮನಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುತ್ತೇವೆ ಎಂದು ಹೇಳಿತು. ಬಾಗಿಲು ದೊಡ್ಡದಾಗಿದೆ, ಆದರೆ ಹೊಸ್ತಿಲು ಭಾಷೆ. ನರ್ಸ್ ಆಗಿ ಅಲ್ಲಿ ಪೂರ್ತಿ ಮಾನ್ಯತೆ ಪಡೆಯಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಎ1, ಎ2, ಬಿ1, ಬಿ2, ಹೀಗೆ ನಾಲ್ಕು ಮೆಟ್ಟಿಲು. ಮೊದಲ ಮೆಟ್ಟಿಲಿನ ಮೊದಲ ವಾರದ ಪಾಠವೇ ಈ ಕ್ರಿಯಾಪದದ ಬಾಲ. ಕಾರ್ಕಳ, ಹಿರಿಯಡ್ಕ, ಕಾಪು ಕಡೆಯ ಕನ್ನಡ ಶಾಲೆಯ ಹುಡುಗಿಯರು ಬಸ್ಸು ಹಿಡಿದು ಬಂದು, ಈ ಮೊದಲ ವಾರದಲ್ಲೇ "ನಮಗೆ ಇದು ಆಗುವುದಲ್ಲ" ಅಂತ ಹಿಂದೆ ಹೋದರೆ ಅದು ಅವರ ಬುದ್ಧಿಯ ಸೋಲಲ್ಲ. ನಾವು ಕೊಟ್ಟ ಏಣಿಯೇ ಗಿಡ್ಡ.

ಹಾಗಾಗಿ ನಾನು ಹೇಳುವುದು ಇಷ್ಟೇ. ನಮ್ಮ ಊರಿನಲ್ಲಿ ಜರ್ಮನ್ ಕಲಿಸುವವರು ಪಟ್ಟಿಯಲ್ಲಿ ಇಂಗ್ಲಿಷಿನ ಪಕ್ಕ ಕನ್ನಡಕ್ಕೊಂದು ಸಾಲು ಕೊಡಲಿ. ಸಂಶಯವನ್ನು ಕನ್ನಡದಲ್ಲೋ ತುಳುವಿನಲ್ಲೋ ಕೇಳಿದರೆ ನಗದೆ ಇರಲಿ. ಮೊದಲ ದಿನವೇ "ನಿಮಗೆ ಇದು ಅರ್ಧ ಗೊತ್ತುಂಟು" ಅಂತ ಹೇಳಲಿ. ಖರ್ಚಿಲ್ಲದ ಕೆಲಸ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು.

ಒಂದು, ಕ್ಲಾಸಿನಲ್ಲಿ ಬೇರೆ ರಾಜ್ಯದವರೂ ಇರುತ್ತಾರೆ. ನಿಜ. ಇಡೀ ಪಾಠ ಕನ್ನಡದಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಒಂದು ಕುತೂಹಲದ ಸಂಗತಿ ನೋಡಿ. 1960ರ ದಶಕದಿಂದಲೇ ಜರ್ಮನಿಗೆ ನರ್ಸ್‌ಗಳು ಹೋದದ್ದು ಕೇರಳದಿಂದ. ಆದರೆ ಮಲಯಾಳದಲ್ಲಿ ಕ್ರಿಯಾಪದಕ್ಕೆ ಈ ಬಾಲಗಳೇ ಇಲ್ಲ, ಕಾಲಕ್ರಮದಲ್ಲಿ ಬಿದ್ದುಹೋಗಿವೆ. ಞಾನ್ ಪೋಗುನ್ನು, ಅವನ್ ಪೋಗುನ್ನು, ನಾನೂ ಅವನೂ ಒಂದೇ. ಬಾಲ ಇಲ್ಲದ ಭಾಷೆಯಿಂದ ಹೋಗಿ ಅವರು ಜರ್ಮನ್ ಗೆದ್ದರು. ಎಂಟು ಬಾಲದವರು ನಾವು ಇಲ್ಲಿ ಕೂತು ಅಳುವುದಾ?

ಎರಡು, ಜರ್ಮನ್ನನ್ನು ಜರ್ಮನ್ನಿನಲ್ಲೇ ಕಲಿಯಬೇಕು, ಬೇರೆ ಭಾಷೆಯ ಆಸರೆ ಕೂಡದು ಎನ್ನುವ ವಾದ. ಒಪ್ಪುತ್ತೇನೆ, ಮಾತಾಡುವ ಅಭ್ಯಾಸಕ್ಕೆ ಅದೇ ಸರಿ. ಆದರೆ ಈಗ ನಡೆಯುತ್ತಿರುವುದು ಅದಲ್ಲವಲ್ಲ! ಆಸರೆ ಬೇಡ ಅನ್ನುತ್ತಾ ಇಂಗ್ಲಿಷಿನ ಆಸರೆ ಕೊಡುತ್ತಿದ್ದೇವೆ. ಆಸರೆ ಕೊಡುವುದೇ ಆದರೆ ಹತ್ತಿರದ್ದು ಕೊಡಿ.

ಮೂರು, ಇಂಗ್ಲಿಷಿನಿಂದ ಉಪಯೋಗವೇ ಇಲ್ಲವಾ? ಉಂಟು, ಧಾರಾಳ ಉಂಟು. ಲೆರ್ನೆನ್ ಅಂದರೆ ಲರ್ನ್, ಮಖೆನ್ ಅಂದರೆ ಮೇಕ್, ಟ್ರಿಂಕೆನ್ ಅಂದರೆ ಡ್ರಿಂಕ್, ಕೊಖೆನ್ ಅಂದರೆ ಕುಕ್. ಪದಸಂಪತ್ತಿಗೆ ಇಂಗ್ಲಿಷ್, ಪದರೂಪಕ್ಕೆ ಕನ್ನಡ, ಹೀಗೆ ಎರಡು ಕೈಯಲ್ಲೂ ತೆಗೆದುಕೊಳ್ಳುವ. ಮತ್ತೆ ಕನ್ನಡವೂ ಕೈಕೊಡುವ ಜಾಗ ಉಂಟು. ನಾಮಪದದ ಲಿಂಗ. ಚಮಚ ಗಂಡು, ಫೋರ್ಕ್ ಹೆಣ್ಣು, ಚೂರಿ ನಪುಂಸಕ! ಅರ್ಥ ನೋಡಿ ಲಿಂಗ ಹೇಳುವ ನಮಗೆ ಅದು ಉರು ಹೊಡೆಯುವ ಬಾಬ್ತೇ. (ಹುಡುಗಿಗೆ ಅವರು ಹೇಳುವ ‘ಮೇದ್ಶೆನ್’ ಕೂಡ ನಪುಂಸಕ. ಹೆಂಗಸರಿಗೆ ‘ಅದು’ ಎನ್ನುವ ನಮ್ಮ ಹವ್ಯಕ ಕನ್ನಡದವರಿಗೆ ಮಾತ್ರ ಇದು ಸಹಜ ಅನ್ನಿಸೀತು.)

ಕೊನೆಗೊಂದು ಹಳೆಯ ಲೆಕ್ಕ. ಜರ್ಮನಿಯಿಂದ 1853ರಲ್ಲಿ ಬಾಸೆಲ್ ಮಿಶನ್ ಕೆಲಸಕ್ಕೆ ಬಂದ ಫರ್ಡಿನಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು ಎಂಬುದು ನಮಗೆಲ್ಲ ಗೊತ್ತು. ಅದಕ್ಕೆ ಮೊದಲೇ, 1872ರಲ್ಲಿ, ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಅದೇ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮೆನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು. 1903ರಲ್ಲಿ ಕಿಟೆಲ್ಲರದ್ದೇ ಕನ್ನಡ ವ್ಯಾಕರಣ. ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೇ ಒಂದು ಪ್ರಕರಣ ಉಂಟು. ಹದಿಮೂರನೇ ಶತಮಾನದ ಕೇಶಿರಾಜನ ಎದುರು ಕೂತು ಒಬ್ಬ ಜರ್ಮನ್ ನಮ್ಮ ಕ್ರಿಯಾಪದದ ಬಾಲ ಕಲಿತ. ಅವನ ಇಂಗ್ಲಿಷ್ ಸರಿ ಉಂಟಾ ಅಂತ ಕೇಶಿರಾಜ ಕೇಳಲಿಲ್ಲ! ಹಾಗಿರುವಾಗ ಕಾರ್ಕಳದ ಹುಡುಗಿ ಅದೇ ಕೇಶಿರಾಜನ ಕೈ ಹಿಡಿದು ಜರ್ಮನ್ ಬಾಲ ಕಲಿತರೆ ಎಂತ ತಪ್ಪು? ಸೇತುವೆ ಕಟ್ಟಿ ನೂರೈವತ್ತು ವರ್ಷ ಆಯಿತು. ಆಚೆಯವರು ಈಚೆ ಬಂದು ಹೋಗಿದ್ದಾರೆ. ಈಚೆಯವರು ಆಚೆ ಹೋಗಬಾರದು ಅಂತ ಯಾರು ಹೇಳಿದ್ದು?

ಸೊಸೆ ಕ್ಲಾಸ್ ಬಿಡಲಿಲ್ಲ. ಪರೀಕ್ಷೆ ಇನ್ನೂ ಮುಂದಿದೆ, ಪಾಸಾಗುತ್ತಾಳೋ ಇಲ್ಲವೋ ಹೇಳಲಿಕ್ಕೆ ನಾನು ಜ್ಯೋತಿಷಿಯಲ್ಲ. ಆದರೆ ನಿನ್ನೆ ರಾತ್ರಿ ಡ್ಯೂಟಿ ನಡುವೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದಾಳೆ. ಹೊಸ ನೋಟ್‌ಬುಕ್ಕಿನ ಮೊದಲ ಪುಟ. ಎಡಗಡೆ ಜರ್ಮನ್, ಬಲಗಡೆ ಕನ್ನಡ, ನಡುವೆ ಕೆಂಪು ಶಾಯಿಯಲ್ಲಿ ‘ಆಗಮ’, ‘ಲೋಪ’. ಈರ್ ಎದುರು ತುಳುವಿನಲ್ಲಿ ‘ನಿಕುಲು’ ಅಂತ ಬರೆದು, ಕೆಳಗೆ ‘ನಮ್ಮ ಈರ್ ಅಲ್ಲ!!’ ಅಂತ ಎರಡು ಗೀಟು. ಜೊತೆಗೆ ಕೆಲಸ ಮಾಡುವ ಇನ್ನಿಬ್ಬರು ಕನ್ನಡ ಶಾಲೆಯ ಹುಡುಗಿಯರು ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡರಂತೆ.

ಅದನ್ನು ನೋಡಿ ಅನ್ನಿಸಿತು, ಇಂಥ ಪುಟ ಕನ್ನಡದಲ್ಲಿ ಎಲ್ಲರಿಗೂ ಸಿಗುವ ಹಾಗೆ ಇರಬೇಕು. ನಮ್ಮ ಬ್ಲಾಗಿಗರಲ್ಲಿ ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್ ಅಂತ ಕೂತವರು ಇರಬಹುದು. ಅಲ್ಲಿನ ಹಿಮ, ಬಿಯರು, ರೈಲಿನ ಬಗ್ಗೆ ಬರೆದದ್ದು ಸಾಕು ಸ್ವಾಮಿ, ಒಂದೊಂದು ಪಾಠ ಬರೆಯಿರಿ. ನಿಯಮಿತ ಕ್ರಿಯಾಪದದ ವರ್ತಮಾನ ಕಾಲ ನಾನು ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. ಭೂತಕಾಲಕ್ಕೆ ಬರೇ ತಲೆಬರಹ ಕೊಟ್ಟು ಬಿಟ್ಟಿದ್ದೇನೆ. ಅದು ಯಾರಿಗೆ?

ಇಷ್ಟೆಲ್ಲ ಓದಿದ್ದಕ್ಕೆ ದಾಂಕೆ. ಅಂದರೆ ಧನ್ಯವಾದ. ಅದರ ಕ್ರಿಯಾಪದ ದಾಂಕೆನ್, ಅದೂ ಶಿಸ್ತಿನದ್ದೇ. ‘ಎನ್’ ತೆಗೆದು ‘ಎ’ ಹಚ್ಚಿ ನೋಡಿ :-)